ನಾಲ್ಕು ಬಾಯಿಯ ಒಂದು ಹಾಡು

"ಸರ್, ಒಂದೇ ಕಡತದ ಮೂರು ನಕಲು ಮೂರು ಊರುಗಳಲ್ಲಿ ಇರುವಾಗ, ಹಳೆಯದೊಂದು ನಕಲನ್ನು ಬೇರೆ ಇಟ್ಟು ಕಾಯುವುದು ಏಕೆ?"

ಕೇಳಿದವಳು ಶಿವಲೀಲಾ. ಹಗಲು ಊರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಕಂಪ್ಯೂಟರ್ ವಿದ್ಯೆ ಹೇಳಿಕೊಡುವ ಗುರುಗಳೊಬ್ಬರ ಬಳಿ ಕಲಿಯಲು ಬರುತ್ತಿದ್ದಳು. ರೋಗಿಯ ಗಡ್ಡೆ ಬೆಳೆದಿದೆಯೋ ಕುಗ್ಗಿದೆಯೋ ಎಂದು ವೈದ್ಯರು ತಿಳಿಯುವುದು ಈ ಸಲದ ಸ್ಕ್ಯಾನ್ ಚಿತ್ರವನ್ನು ಹೋದ ಸಲದ ಚಿತ್ರದ ಪಕ್ಕದಲ್ಲಿಟ್ಟು. ಆ ಚಿತ್ರಗಳನ್ನೆಲ್ಲ ಆಸ್ಪತ್ರೆ ಇತ್ತೀಚೆಗೆ ಕ್ಲೌಡ್‌ಗೆ ಸಾಗಿಸಿತ್ತು. ಅವುಗಳ ಹೊಣೆ ಶಿವಲೀಲಾಳದು.

ಗುರುಗಳು ಬೋರ್ಡು ಒರೆಸುತ್ತಿದ್ದರು. ತಿರುಗದೆಯೇ ಹೇಳಿದರು. "ಕ್ಲೌಡ್ ಎಂದರೇನು, ಮೊದಲು ಅದನ್ನು ಹೇಳು."

"ಹೆಸರಿಗೆ ಮೋಡ, ಸರ್. ನಿಜಕ್ಕೂ ಬೇರೆಯವರ ಕಟ್ಟಡದಲ್ಲಿ ಸಾಲಾಗಿ ನಿಲ್ಲಿಸಿದ ಕಂಪ್ಯೂಟರುಗಳು. ನಾವು ಬಾಡಿಗೆ ಕೊಟ್ಟು ಜಾಗ ಹಿಡಿಯುತ್ತೇವೆ. ನಮ್ಮ ಕಡತ ತುಂಡುತುಂಡಾಗಿ ಅಲ್ಲಿಗೆ ಹೋಗುತ್ತದೆ. ದಾರಿಯುದ್ದಕ್ಕೂ ರೂಟರುಗಳು. ಒಂದೊಂದು ರೂಟರಿಗೂ ಮುಂದಿನ ನಿಲ್ದಾಣ ಮಾತ್ರ ಗೊತ್ತು, ಇಡೀ ದಾರಿ ಗೊತ್ತಿಲ್ಲ. ತಲುಪಿದ ಮೇಲೆ ಕಡತಕ್ಕೆ ಮೂರು ನಕಲು. ಒಂದರಲ್ಲಿ ಬರೆದದ್ದು ಕಣ್ಣು ಮಿಟುಕಿಸುವುದರೊಳಗೆ ಉಳಿದೆರಡರಲ್ಲೂ ಬರೆದಿರುತ್ತದೆ. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಎರಡು ಉಳಿಯುತ್ತವೆ."

"ಸರಿ. ಆ ಹಳೆಯ ನಕಲು?"

"ಅದು ಬ್ಯಾಕಪ್. ವಾರಕ್ಕೊಮ್ಮೆ ತೆಗೆದು ದೂರ ಇಟ್ಟದ್ದು. ಇವತ್ತಿನ ಕಡತಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಅದನ್ನು ಯಾರೂ ತೆರೆದು ನೋಡಿದ್ದೂ ಇಲ್ಲ. ತಂಗಳನ್ನವಿದ್ದ ಹಾಗೆ. ಅಳಿಸಿಬಿಟ್ಟರೆ ಜಾಗವಾದರೂ ಉಳಿಯುತ್ತದಲ್ಲವೇ, ಸರ್?"

ಗುರುಗಳಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅದು ಅವರ ಶಿಷ್ಯರಿಗೆಲ್ಲ ಗೊತ್ತಿದ್ದ ಸಂಗತಿ. ಅವರು ಬೋರ್ಡು ಬಿಟ್ಟು ಬಂದು ಕುಳಿತರು.

"ತಂಗಳನ್ನ," ಎಂದರು ಮೆಲ್ಲಗೆ. "ಒಳ್ಳೆಯ ಮಾತು. ಉಂಡವರು ಆಡುವ ಮಾತು." ಆಮೇಲೆ ಈ ಕತೆ ಹೇಳಿದರು.

ಒಬ್ಬ ಕುರಿಗಾರನಿದ್ದ. ಹಿಂಡಿಗೆ ಅವನೇ ಹಿರಿಯ. ಹಿಂಡು ಎಂದರೆ ಒಬ್ಬರದಲ್ಲ. ಹತ್ತಾರು ಮನೆಯವರ ಕುರಿಗಳು ಒಟ್ಟಾಗಿ ನಡೆಯುತ್ತಿದ್ದವು. ಹೊಲವಿಲ್ಲ, ಅಂಗಡಿಯಿಲ್ಲ, ಹಿಂಡೇ ಅವರ ಬದುಕು. ಹಿಂಡು ಉಳಿದರೆ ಅವರು ಉಳಿದರು. ಮಳೆಗಾಲ ಮುಗಿದ ಮೇಲೆ ಮನೆ ಬಿಟ್ಟರೆ, ಹುಲ್ಲು ಮತ್ತು ನೀರು ಇದ್ದಲ್ಲಿ ತಂಗುತ್ತ, ಮುಂದಿನ ಮಳೆಗೆ ಹಿಂದಿರುಗುತ್ತಿದ್ದರು.

ದಾರಿ ದೊಡ್ಡದು. ಅದು ಎಲ್ಲಿಯೂ ಬರೆದಿರಲಿಲ್ಲ. ಹಾಡಿನಲ್ಲಿತ್ತು.

ಒಂದೊಂದು ತಂಗುದಾಣಕ್ಕೆ ಒಂದೊಂದು ನುಡಿ. ಇಲ್ಲಿಂದ ಮುಂದಿನ ತಂಗುದಾಣಕ್ಕೆ ಯಾವ ಗುಡ್ಡವನ್ನು ಎಡಕ್ಕೆ ಬಿಡಬೇಕು, ಯಾವ ಹಳ್ಳ ದಾಟಬೇಕು, ನೀರು ಎಲ್ಲಿದೆ, ಇಷ್ಟೇ ಅದರಲ್ಲಿ ಇರುತ್ತಿತ್ತು. ದಾರಿ ನಡೆಯುವಾಗ ಒಂದು ಕಟ್ಟಳೆ. ಒಂದು ತಂಗುದಾಣದ ನುಡಿಯನ್ನು ಆ ತಂಗುದಾಣದಲ್ಲಿ ನಿಂತೇ ಹಾಡಬೇಕು. ಮುಂದಿನದನ್ನು ಮೊದಲೇ ಹಾಡಿದರೆ ದಾರಿ ಮುನಿಯುತ್ತದೆ ಎಂದು ನಂಬಿಕೆ. ನೀನು ಈಗ ಹೇಳಿದ ರೂಟರಿನ ಬುದ್ಧಿಯೇ. ಮುಂದಿನ ಒಂದು ಹೆಜ್ಜೆ, ಅಷ್ಟೇ ಸಾಕು. ಆ ಒಂದು ಹೆಜ್ಜೆ ಗೊತ್ತಿಲ್ಲದಿದ್ದರೆ ಮಾತ್ರ ಉಳಿದ ಸಾವಿರ ಹೆಜ್ಜೆ ಗೊತ್ತಿದ್ದೂ ಪ್ರಯೋಜನವಿಲ್ಲ.

ಹಾಡು ನಾಲ್ವರ ಬಾಯಲ್ಲಿತ್ತು. ಹಿರಿಯ, ಅವನ ತಮ್ಮ, ಅವನ ಅಳಿಯ, ಅವನ ಅಕ್ಕ. ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿನ ಹಿಂಡಿಗೆ ಬಂದವಳು. ತಾಯಿ ಸತ್ತ ಮರಿಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಸಾಕುವುದು ಅವಳ ಕೆಲಸ.

ನಾಲ್ವರೇ ಏಕೆ ಎಂದರೆ, ಹಿಂದಿನವರು ಮೂರ್ಖರಲ್ಲ. ಒಬ್ಬನಿಗೆ ಹಾವು ಕಚ್ಚಬಹುದು. ಒಬ್ಬನಿಗೆ ಜ್ವರ ಬರಬಹುದು. ನಡೆಯುವಾಗಲೂ ನಾಲ್ವರು ಒಟ್ಟಿಗೆ ನಡೆಯುತ್ತಿರಲಿಲ್ಲ. ಹಿಂಡನ್ನು ನಾಲ್ಕು ಪಾಲು ಮಾಡಿ, ಪಾಲಿಗೊಬ್ಬರಂತೆ ಹಿಂದೆ ಮುಂದೆ ನಡೆಯುತ್ತಿದ್ದರು. ಒಂದು ಕಡೆ ಗಂಡಾಂತರವಾದರೆ ಇನ್ನೊಂದು ಕಡೆ ಹಾಡು ಉಳಿಯಲಿ ಎಂದು. ನಿನ್ನ ಮೂರು ಊರುಗಳಿಗಿಂತ ಒಂದು ಹೆಚ್ಚೇ ಇತ್ತು.

ವರ್ಷಕ್ಕೊಮ್ಮೆ, ಹೊರಡುವ ಮುನ್ನ, ದೇವರ ಮುಂದೆ ತಾಳೆ ನೋಡುತ್ತಿದ್ದರು. ನಡುವೆ ಅರಿಶಿನದ ಭಂಡಾರ. ನಾಲ್ವರೂ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಒಬ್ಬರ ತುಟಿ ಒಬ್ಬರು ನೋಡಬಾರದು. ಹಾಗೆ ಕುಳಿತು ಇಡೀ ಹಾಡನ್ನು ಒಟ್ಟಿಗೆ ಹಾಡಬೇಕು. ನಾಲ್ಕು ಬಾಯಿ ಒಂದೇ ಬಾಯಂತೆ ಕೇಳಿಸಿದರೆ ಆ ವರ್ಷ ಕ್ಷೇಮ. ಯಾರಾದರೂ ತಪ್ಪಿದರೆ ಹಿರಿಯನ ಬಾಯಿಗೆ ಸರಿಯಾಗಿ ತಿದ್ದಿಕೊಳ್ಳಬೇಕು.

ಹಿರಿಯನೇ ತಪ್ಪಿದರೆ? ಅದಕ್ಕೆ ಕಟ್ಟಳೆ ಇರಲಿಲ್ಲ.

ಹಾಡಿನಲ್ಲಿ ಒಂದು ಕವಲು ಬರುತ್ತಿತ್ತು. ಅಲ್ಲಿಂದ ಎರಡು ದಾರಿ. ಕೆಳಗಿನದು ಹೊಳೆಯ ದಂಡೆ ಹಿಡಿದು ಹೋಗುವುದು. ಮೇಲಿನದು ಕಲ್ಲುಬಯಲಿನ ಮೇಲೆ ಹೋಗುವುದು. ಅದು ಅವರ ಅಜ್ಜನ ಕಾಲದ್ದು. ಮೇಲೆ ಮೂರು ತಂಗುದಾಣ, ಮೂರು ನುಡಿ. ಅಲ್ಲಿ ನೀರು ಕಣ್ಣಿಗೆ ಕಾಣುವುದಿಲ್ಲ. ಬಂಡೆಯಡಿ ಒರತೆಗಳಿವೆ. ಹಿಂದಿನವರು ಬಿಸಿಲಿಗೆ ಆರದಿರಲೆಂದು ಅವುಗಳ ಮೇಲೆ ಕಲ್ಲು ಮುಚ್ಚಿ ಹೋಗಿದ್ದರು. ನುಡಿ ಗೊತ್ತಿದ್ದವನು ಕಲ್ಲು ಎತ್ತಿ ಕುಡಿಯುತ್ತಾನೆ. ಗೊತ್ತಿಲ್ಲದವನು ಅದೇ ಕಲ್ಲಿನ ಮೇಲೆ ಕುಳಿತು ಬಾಯಾರಿ ಸಾಯುತ್ತಾನೆ.

ಹಿರಿಯನ ಕಾಲಕ್ಕೆ ಕೆಳಗಿನ ದಾರಿ ಸಲೀಸಾಗಿತ್ತು. ಹೊಳೆದಂಡೆಯ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಹಿಂಡನ್ನು ರಾತ್ರಿ ತಂಗಿಸಿಕೊಂಡು ಜೋಳ ಕೊಡುತ್ತಿದ್ದರು. ಹುಲ್ಲಿತ್ತು, ನೀರಿತ್ತು. ಮೇಲಿನ ದಾರಿಗೆ ಯಾರೂ ಕಾಲಿಟ್ಟಿರಲಿಲ್ಲ. ಆ ಮೂರು ನುಡಿಗಳನ್ನು ಪ್ರತಿ ವರ್ಷ ಹಾಡುತ್ತಿದ್ದರು, ಯಾವ ವರ್ಷವೂ ನಡೆಯುತ್ತಿರಲಿಲ್ಲ.

ಒಂದು ವರ್ಷ ಹಾಡನ್ನು ಅರ್ಧ ಮಾತ್ರ ಕಲಿತಿದ್ದ ಹೊಸಬನೊಬ್ಬ ಒಂದಿಷ್ಟು ಕುರಿಗಳೊಂದಿಗೆ ಕವಲಿನಲ್ಲಿ ತಪ್ಪು ನುಡಿ ಹಿಡಿದು ಮೇಲಿನ ದಾರಿಗೆ ಹೋದ. ಅವನನ್ನು ಹುಡುಕಿ ತರುವಷ್ಟರಲ್ಲಿ ಮರಿಗಳು ಕೆಲವು ಸತ್ತಿದ್ದವು. ಹಿರಿಯನಿಗೆ ಸಿಟ್ಟು ಬಂತು. ಬಂದದ್ದು ತಪ್ಪೇನಲ್ಲ. ಒಂದು ಕವಲಿಗೆ ಎರಡು ದಾರಿ ಹೇಳುವ ಹಾಡು ಹಾಡಲ್ಲ, ಜಗಳ ಎಂದ. ಬೇಡದ್ದನ್ನು ಹೊತ್ತು ತಿರುಗುವುದು ಕತ್ತೆಯ ಕೆಲಸ ಎಂದ. ಮೂರು ನುಡಿ ಬಿಡಿ ಎಂದ.

ಆ ವರ್ಷದ ತಾಳೆ ಬಂತು. ನಾಲ್ವರೂ ಬೆನ್ನಿಗೆ ಬೆನ್ನು ಕೊಟ್ಟು ಕುಳಿತರು. ಕವಲಿನವರೆಗೆ ಒಂದೇ ಬಾಯಿ. ಅಲ್ಲಿ ಹಿರಿಯ ಮೂರು ನುಡಿ ಬಿಟ್ಟು ಹೊಳೆಯ ನುಡಿಗೆ ಹಾರಿದ. ತಮ್ಮನೂ ಹಾರಿದ. ಅಳಿಯನೂ ಹಾರಿದ, ಗಂಟಲಿಗೆ ಅಷ್ಟು ಕೆಲಸ ಕಡಿಮೆಯಾಯಿತೆಂದು ಅವನಿಗೆ ಒಳಗೊಳಗೇ ಖುಷಿ.

ಅಕ್ಕ ಮಾತ್ರ ಹಳೆಯದನ್ನು ಹಾಡಿದಳು. ಮೂವರು ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಸುತ್ತ ಕುಳಿತವರೆಲ್ಲ ತಲೆ ಎತ್ತಿ ನೋಡಿದರು. ಹಾಡು ನಿಂತಿತು.

"ಅಕ್ಕಾ, ಬಿಡ್ರಿ ಅಂತ ಹೇಳಿದ್ದು ನಿನಗ ಕೇಳಲಿಲ್ಲೇನು?"

"ಕೇಳೇತಿ ತಮ್ಮಾ. ಹೊಸಾದು ಕಲೀತೀನಿ, ನಿಮ್ಮ ಜೋಡಿ ಅದನ್ನ ಹಾಡ್ತೀನಿ. ಹಳೇದು ನನ್ನ ಹಂತ್ಯಾಕ ಬ್ಯಾರೆ ಇರ್ಲಿ. ಯಾರಿಗೂ ಕಲಸಾಂಗಿಲ್ಲ. ನೀ ಹೇಳಿದ್ದ ನಾವು ಕೇಳ್ತೀವಿ, ಹೊಳಿ ಕೇಳ್ತದೇನು?"

ಹಿರಿಯ ಅಲ್ಲಿಗೆ ಬಿಡಬಹುದಿತ್ತು. ಅವಳು ಕೇಳಿದ್ದು ಹೆಚ್ಚೇನಲ್ಲ. ತಾಳೆಯಲ್ಲಿ ಸೇರದ, ದಾರಿಗೆ ಅಡ್ಡ ಬರದ, ಒಂದು ಮೂಲೆಯಲ್ಲಿ ಸುಮ್ಮನೆ ಇರುವ ಹಳೆಯ ನಕಲು. ಆದರೆ ಮಂದಿ ನೋಡುತ್ತಿದ್ದರು. ನಾಲ್ಕು ಬಾಯಿ ಒಂದು ಹಾಡು ಎಂಬುದು ಆ ಕುಲದ ಹೆಮ್ಮೆ. ಒಂದು ಬಾಯಿ ಬೇರೆ ಇಟ್ಟುಕೊಂಡರೆ ನಾಳೆ ಯಾರ ಬಾಯಿ ಸರಿ ಎಂಬ ಪ್ರಶ್ನೆ ಬರುತ್ತದೆ. ಅವನಿಗೆ ಅವಮಾನವಾಯಿತು. ಒಂದು ಹಿಡಿ ಭಂಡಾರ ತೆಗೆದು ಅಕ್ಕನ ಅಂಗೈಗೆ ಹಾಕಿದ. ಆ ನುಡಿಗಳನ್ನು ಇನ್ನು ನಾಲಿಗೆಗೆ ತರುವುದಿಲ್ಲ ಎಂದು ಆಣೆ ಮಾಡಿಸಿದ.

ಅಕ್ಕ ಆಣೆ ಮಾಡಿದಳು. ಎಲ್ಲರ ಎದುರಿಗೆ, ತಾನು ಎತ್ತಿ ಆಡಿಸಿದ ತಮ್ಮನ ಕೈಯಲ್ಲಿ, ಅವಳಿಗೆ ತುಂಬ ನೋವಾಯಿತು. ಆದರೂ ಮಾಡಿದಳು. ಅವಳು ಮಾತು ಕೇಳುವ ಹೆಂಗಸು.

ಶಿವಲೀಲಾ, ಹಿರಿಯ ಕೆಟ್ಟವನು ಎಂದುಕೊಳ್ಳಬೇಡ. ಕಳ್ಳರಿಗೆ ಬೀಗ ಹಾಕಬಹುದು. ಅಚ್ಚುಕಟ್ಟು ಮಾಡಲು ಹೊರಟವರಿಗೆ ಯಾವ ಬೀಗವೂ ಇಲ್ಲ, ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ಇನ್ನೊಂದು ಮಾತು ತಿಳಿದುಕೋ. ಒಂದರಲ್ಲಿ ಬರೆದದ್ದು ಎಲ್ಲದರಲ್ಲೂ ಬರೆಯಲ್ಪಡುತ್ತದೆ ಎಂದು ನೀನು ಸಂತೋಷಪಟ್ಟೆ. ಬಿಡು ಎಂಬುದೂ ಒಂದು ಬರಹವೇ. ಅದೂ ಅಷ್ಟೇ ನಿಷ್ಠೆಯಿಂದ, ಅಷ್ಟೇ ಬೇಗ, ಎಲ್ಲ ಕಡೆಗೂ ಹೋಗುತ್ತದೆ. ಬೆಂಕಿ ಬಿದ್ದರೆ ಒಂದು ಮನೆ ಸುಡುತ್ತದೆ. ಅಪ್ಪಣೆ ಬಿದ್ದರೆ ನಾಲ್ಕೂ ಮನೆ ಖಾಲಿ.

ವರ್ಷಗಳು ಕಳೆದವು. ಹಾಡು ಹಗುರವಾಗಿತ್ತು. ತಾಳೆ ಹಿಂದೆಂದೂ ಇಷ್ಟು ಚೆನ್ನಾಗಿ ಕೂಡಿರಲಿಲ್ಲ. ನಾಲ್ಕು ಬಾಯಿಯಲ್ಲಿ ಒಂದೆಳೆ ವ್ಯತ್ಯಾಸವಿಲ್ಲ. ಹಿರಿಯ ಮೀಸೆಯಡಿ ನಗುತ್ತಿದ್ದ. ಹೊಸದಾಗಿ ಕಲಿತವರಿಗೆ ಆ ಹಾಡಿನಲ್ಲಿ ಮೊದಲು ಇನ್ನೇನೋ ಇತ್ತು ಎಂಬುದೂ ತಿಳಿಯಲಿಲ್ಲ. ಕಿತ್ತ ಹಲ್ಲಿನ ಜಾಗ ನಾಲಿಗೆಗೆ ಗೊತ್ತಾಗುತ್ತದೆ. ಕಿತ್ತ ನುಡಿಯ ಜಾಗ ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿನದು ಮುಂದಿನದಕ್ಕೆ ಕೂಡಿಕೊಂಡು ನುಣ್ಣಗೆ ಆಗಿಬಿಡುತ್ತದೆ.

ಅಕ್ಕನೂ ಆ ನುಣ್ಣನೆಯ ಹಾಡನ್ನೇ ವರ್ಷ ವರ್ಷ ಹಾಡಿದಳು. ಹಳೆಯದನ್ನು ನಾಲಿಗೆಗೆ ತರಲಿಲ್ಲ. ಮರಿಗಳಿಗೆ ಜೋಗುಳ ಹಾಡುವಾಗಲೂ ತರಲಿಲ್ಲ. ಅದು ತನ್ನೊಳಗೆ ಇದೆ ಎಂದೇ ಅವಳು ನಂಬಿದ್ದಳು. ಹಿಂಡಿನ ಮುದುಕರೂ ಹಾಗೆಯೇ ನಂಬಿದ್ದರು. ಬಾಯಿ ಬಿಟ್ಟು ಆಡುತ್ತಿರಲಿಲ್ಲ, ಆದರೆ ಹೊತ್ತು ಬಂದರೆ ಅಕ್ಕ ಇದ್ದಾಳೆ ಎಂಬ ಧೈರ್ಯ ಎಲ್ಲರ ಮನಸ್ಸಿನಲ್ಲೂ ಇತ್ತು. ಬುತ್ತಿ ಇದೆ ಎಂದುಕೊಂಡು ಗಂಟು ಬಿಚ್ಚಿ ನೋಡದೆ ದಾರಿ ನಡೆಯುವವರ ಧೈರ್ಯ ಅದು.

ಆಮೇಲೆ ಆ ವರ್ಷ ಬಂತು.

ನಾಲ್ಕೂ ಪಾಲು ಸೇರಿ ಹಿಂಡು ಕವಲಿನ ಹತ್ತಿರ ಇತ್ತು. ಮಳೆ ಬಿದ್ದದ್ದು ಎಲ್ಲೋ ದೂರ, ಹೊಳೆ ಹುಟ್ಟುವ ಸೀಮೆಯಲ್ಲಿ. ಇಲ್ಲಿ ಒಂದು ಹನಿ ಇಲ್ಲ, ನೆತ್ತಿ ಸುಡುವ ಬಿಸಿಲು. ಆದರೆ ಹೊಳೆ ಬಂತು. ಹೊಲ, ಹುಲ್ಲು, ದಂಡೆಯ ದಾರಿ, ಎಲ್ಲವನ್ನೂ ಕೆಸರು ನೀರು ನುಂಗಿತು. ಹಿಂದೆ ದಾಟಿ ಬಂದ ಹಳ್ಳವೂ ತುಂಬಿತು. ಕುರಿಗಳು ದಿನವಿಡೀ ರಾಡಿಯಲ್ಲಿ ನಿಂತು ಅವುಗಳ ಗೊರಸು ಕೊಳೆಯತೊಡಗಿತು. ಅಲ್ಲಿ ನಿಂತರೆ ಹಿಂಡು ಉಳಿಯುವುದಿಲ್ಲ. ಉಳಿದದ್ದು ಒಂದೇ ದಾರಿ, ಮೇಲಿನದು.

ಹಿರಿಯ ತಮ್ಮನ ಮುಖ ನೋಡಿದ. ತಮ್ಮ ನೆಲ ನೋಡಿದ. ಅಳಿಯನನ್ನು ಕೇಳಿದ. ಅಳಿಯ ತಲೆ ಕೆರೆದುಕೊಂಡ. ಹಿರಿಯ ತನ್ನೊಳಗೆ ತಾನೇ ತಡಕಾಡಿದ. ಅಜ್ಜನ ಮುಖ ನೆನಪಿಗೆ ಬಂತು, ಅಜ್ಜನ ನುಡಿ ಬರಲಿಲ್ಲ. ಮೂರು ಬಾಯಿಯೂ ಒಂದೇ ಸಮನಾಗಿ ಬರಿದಾಗಿದ್ದವು. ಅದರಲ್ಲೂ ತಾಳೆ ತಪ್ಪಿರಲಿಲ್ಲ.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಮುದುಕಿಯಾಗಿದ್ದಳು. ಕಂಬಳಿಯ ಮಡಿಕೆಯಲ್ಲಿ ಎರಡು ಮರಿಗಳಿದ್ದವು.

"ಅಕ್ಕಾ, ಆಣಿ ಹಾಕಿಸಿದಾಂವ ನಾನು. ಪಾಪ ಬಂದ್ರ ನನಗ ಬರ್ಲಿ. ಹಾಡು," ಎಂದ ಹಿರಿಯ.

ಅಕ್ಕ ತನ್ನ ಅಂಗೈ ನೋಡಿಕೊಂಡಳು. ದೇವರ ಆಣೆ ಅವಳಿಗೆ ಆಟವಾಗಿರಲಿಲ್ಲ. ಆಮೇಲೆ ಕುರಿಗಳನ್ನು ನೋಡಿದಳು. ಕವಲಿನಲ್ಲಿ ನಿಂತು, ಕಣ್ಣು ಮುಚ್ಚಿ, ಮೇಲಿನ ದಾರಿಯ ಮೊದಲ ನುಡಿ ಎತ್ತಿದಳು.

"ಅಲ್ಲಿಂದ ಮುಂದ ನಡಿ ತಮ್ಮಾ, ಕೊಂಬಿನ ಕಲ್ಲು ಬಲಕ ಬಿಡು,
ಬಿಳಿಕಲ್ಲ ಮ್ಯಾಲ ಕರಿಕಲ್ಲು, ಎತ್ತಿ ನೋಡು, ತಾಯಿ ಮಲಗ್ಯಾಳ."

ನುಡಿ ಪೂರ್ತಿ ಬಂತು. ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ. ಹೆಂಗಸರು ಅತ್ತರು. ಹಿರಿಯ ಅಕ್ಕನ ಕಾಲು ಮುಟ್ಟಿದ. ತನ್ನ ತಪ್ಪು ಮನ್ನಾ ಆಯಿತೆಂದುಕೊಂಡ.

ಹಿಂಡು ಮೇಲೆ ಹತ್ತಿತು. ಕೊಂಬಿನಂಥ ಬಂಡೆ ಬಲಕ್ಕೆ ಉಳಿಯಿತು. ಹೊತ್ತು ಇಳಿಯುವಷ್ಟರಲ್ಲಿ ಬಿಳಿಕಲ್ಲಿನ ಮೇಲೆ ಕರಿಕಲ್ಲು ಸಿಕ್ಕಿತು. ಗಂಡಸರು ಸೇರಿ ಎತ್ತಿದರು. ತಣ್ಣನೆಯ ನೀರು. ಹಿಂಡಿಗೆ ಒಂದು ಹೊತ್ತಿಗೆ ಆಗುವಷ್ಟು ಇತ್ತು. ಕುರಿಗಳು ತಳದ ಮರಳು ನೆಕ್ಕುವವರೆಗೆ ಕುಡಿದವು. ಯಾರೂ ತಡೆಯಲಿಲ್ಲ. ಮುಂದಿನ ನುಡಿ ಇದೆಯಲ್ಲ, ಮುಂದಿನ ನೀರು ಇದೆಯಲ್ಲ. ಆ ಸಂಜೆ ಅವರು ಜೋಳದ ರೊಟ್ಟಿ ತಟ್ಟಿ ಹಬ್ಬದಂತೆ ಉಂಡರು. ಅಕ್ಕನಿಗೆ ಮೊದಲು ಬಡಿಸಿದರು.

ಬೆಳಗಾಯಿತು. ಕಟ್ಟಳೆಯಂತೆ ಅಕ್ಕ ಆ ತಂಗುದಾಣದಲ್ಲಿ ನಿಂತಳು. ಎರಡನೆಯ ನುಡಿ ಎತ್ತಿದಳು.

"ಅಲ್ಲಿಂದ ಮುಂದ ನಡಿ ತಮ್ಮಾ…"

ಅಷ್ಟೇ ಬಂತು. ಎಲ್ಲ ನುಡಿಗಳೂ ಆ ಮಾತಿನಿಂದಲೇ ಶುರುವಾಗುತ್ತಿದ್ದವು. ಧಾಟಿ ಮುಂದೆ ಹೋಯಿತು, ಮಾತು ಹೋಗಲಿಲ್ಲ. ಗಂಟಲು ಕಟ್ಟಿರಬೇಕು ಎಂದು ಜನ ಕಾದರು. ಅವಳು ಮತ್ತೆ ಎತ್ತಿದಳು. ಮತ್ತೆ ಅಲ್ಲೇ ನಿಂತಿತು. ಓಟದಲ್ಲಾದರೂ ದಾಟೀತೆಂದು ಮೊದಲ ನುಡಿಯಿಂದ ಹಾಡಿಕೊಂಡು ಬಂದಳು. ಓಟದಲ್ಲಿ ನಾಲಿಗೆ ದಾಟಿತು. ವರ್ಷ ವರ್ಷ ಹಾಡಿ ರೂಢಿಯಾದ ಕಡೆಗೇ ದಾಟಿತು.

"ಅಲ್ಲಿಂದ ಮುಂದ ನಡಿ ತಮ್ಮಾ, ಹೊಳಿ ದಂಡಿ ಹಿಡಿದು ನಡಿ,
ಕಾಲ ಕೆಳಗ ನೀರೈತಿ, ಬೊಗಸಿ ಒಡ್ಡಿ ಕುಡಿ ತಮ್ಮಾ."

ನೀರಿಲ್ಲದ ಕಲ್ಲುಬಯಲಿನಲ್ಲಿ ನಿಂತು ಆ ಮುದುಕಿ ಹಾಗೆ ಹಾಡಿದಳು. ಹಾಡುತ್ತಿದ್ದಂತೆಯೇ ಅವಳಿಗೆ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡಳು.

"ನೀ ಬಿಡು ಅಂದಿ, ನಾ ಬಿಟ್ಟೆ ತಮ್ಮಾ. ಖರೇ ಹೇಳ್ತೀನಿ, ಅದು ಹೋಗಿದ್ದು ನನಗ ಗೊತ್ತ ಇರಲಿಲ್ಲ."

ಮೊದಲ ನುಡಿ ಹೇಗೆ ಉಳಿಯಿತು, ಎರಡನೆಯದು ಹೇಗೆ ಹೋಯಿತು, ಯಾರು ಹೇಳಬಲ್ಲರು? ಇಟ್ಟ ಹಳೆಯದರಲ್ಲಿ ಯಾವುದು ಉಳಿದಿದೆ ಎಂಬುದು ತೆಗೆದು ನೋಡುವವರೆಗೆ ತಿಳಿಯುವುದಿಲ್ಲ. ಆಗಾಗ ತೆಗೆದು ನೋಡುವವನಿಗೆ ತಿಳಿಯುತ್ತದೆ. ಬೇಕಾದ ದಿನವೇ ತೆಗೆದು ನೋಡುವವನಿಗೂ ತಿಳಿಯುತ್ತದೆ, ಆದರೆ ತಿಳಿದು ಮಾಡುವುದೇನು? ಪೂರ್ತಿ ಮರೆತಿದ್ದರೆ ಅವರು ಕವಲಿನಲ್ಲೇ ನಿಲ್ಲುತ್ತಿದ್ದರು. ರಾಡಿಯಲ್ಲಿ ಕಾಲು ಕೊಳೆತು ಒಂದಿಷ್ಟು ಕುರಿ ಸಾಯುತ್ತಿದ್ದವು, ಒಂದಿಷ್ಟು ಉಳಿಯುತ್ತಿದ್ದವು. ಅರ್ಧ ನೆನಪು ಅವರನ್ನು ನೀರಿಲ್ಲದ ಕಡೆಗೆ ಕೈ ಹಿಡಿದು ಕರೆದುಕೊಂಡು ಬಂದಿತ್ತು.

ಆಗಲೇ ಹಿಂದಿರುಗಿದ್ದರೂ ಆಗುತ್ತಿತ್ತು. ಹಿರಿಯ ಒಪ್ಪಲಿಲ್ಲ. ಅಜ್ಜ ನಡೆದ ದಾರಿ, ಸಿಕ್ಕೇ ಸಿಗುತ್ತದೆ ಎಂದ. ಕಂಡ ಕಲ್ಲುಗಳನ್ನೆಲ್ಲ ಎತ್ತಿಸಿದ. ಕಲ್ಲುಬಯಲಿನ ತುಂಬ ಕಲ್ಲೇ. ಮುಂದೆ, ಇನ್ನೂ ಮುಂದೆ ಎಂದು ಹಿಂಡನ್ನು ನಡೆಸಿದ. ಗೊರಸು ಕೊಳೆತ ಕುರಿಗಳು ಕಾದ ಕಲ್ಲಿನ ಮೇಲೆ ಕುಂಟುತ್ತ ನಡೆದವು. ಮೊದಲು ಮರಿಗಳು ಬಿದ್ದವು. ಆಮೇಲೆ ಹಾಲು ಬತ್ತಿದ ತಾಯಿಗಳು. ಬಯಲಿನ ಅಂಚಿಗೆ ಬಂದು ನೋಡಿದರೆ ಕೆಳಗೆ, ಬಹಳ ಕೆಳಗೆ, ಹೊಳೆ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟು ನೀರನ್ನು ನೋಡುತ್ತಲೇ ಹಿಂಡು ಸತ್ತಿತು. ಕೊನೆಗೆ ಅವರು ಹಿಂದಿರುಗಿ ಕವಲಿಗೆ ಇಳಿದಾಗ ಜೊತೆಗಿದ್ದ ಕುರಿಗಳನ್ನೆಲ್ಲ ಒಂದೇ ಮರದ ನೆರಳಿನಲ್ಲಿ ನಿಲ್ಲಿಸಬಹುದಿತ್ತು. ಅಕ್ಕನ ಕಂಬಳಿಯ ಮಡಿಕೆ ಬರಿದಾಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಇದೆ. ಇವರಿಗೆ ಅದೂ ಬರಲಿಲ್ಲ.

ಹತ್ತಾರು ಮನೆಗಳು ಒಂದೇ ಸಲಕ್ಕೆ ಬೀದಿಗೆ ಬಿದ್ದಿದ್ದವು. ತಪ್ಪು ಯಾರದೋ ಒಬ್ಬರದಾಗಬೇಕಿತ್ತು. ಜನ ಕೂತು ಮಾತನಾಡಿಕೊಂಡರು. ಭಂಡಾರ ಮುಟ್ಟಿ ಮಾಡಿದ ಆಣೆ ಮುರಿದದ್ದಕ್ಕೆ ದೇವರು ಮುನಿದ ಎಂದರು. ಆಣೆ ಮುರಿದವಳು ಅಕ್ಕ. ಹಿಂದಿನ ವಾರ ಅವಳಿಗೆ ಮೊದಲು ಬಡಿಸಿದವರೇ ಈಗ ಅವಳು ಮುಟ್ಟಿದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದರು.

ಪಾಪ ನನಗೆ ಬರಲಿ ಎಂದಿದ್ದ ಹಿರಿಯ ಅಲ್ಲೇ ಕುಳಿತಿದ್ದ. ಅವನು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆಡದಿರುವುದು ಅವನಿಗೆ ಅನುಕೂಲವಾಗಿತ್ತು. ನನಗೆ ಈ ಕತೆಯಲ್ಲಿ ಸತ್ತ ಕುರಿಗಳಿಗಿಂತ ಆ ಸುಮ್ಮನಿರುವಿಕೆಯೇ ಹೆಚ್ಚು ಹೊಟ್ಟೆ ಉರಿಸುತ್ತದೆ.

ಅಕ್ಕ ಜಗಳವಾಡಲಿಲ್ಲ. ತಾನೇ ಹಿಂಡು ಕೊಂದೆನೆಂದು ಅವಳೂ ನಂಬಿದಳು. ಖಾಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂಡು ಬಿಟ್ಟು ಹೋದಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಉಳಿದ ಬೆರಳೆಣಿಕೆಯ ಕುರಿಗಳೊಂದಿಗೆ ಹೊರಡುವ ಮುನ್ನ ದೇವರ ಮುಂದೆ ತಾಳೆ ನಡೆಯಿತು. ಮೂವರೇ ಬೆನ್ನಿಗೆ ಬೆನ್ನು ಕೊಟ್ಟು ಕುಳಿತರು. ಹಾಡು ಎಲ್ಲಿಯೂ ತಪ್ಪಲಿಲ್ಲ. ಮೂರು ಬಾಯಿ ಒಂದೇ ಬಾಯಂತೆ ಕೇಳಿಸಿತು. ಈ ವರ್ಷ ಕ್ಷೇಮ ಎಂದು ಹಿರಿಯ ಹೇಳಿದ.

ಗುರುಗಳು ಕತೆ ನಿಲ್ಲಿಸಿದರು.

ಶಿವಲೀಲಾಳ ಕಣ್ಣು ಒದ್ದೆಯಾಗಿತ್ತು. ಸೆರಗಿನ ತುದಿಯಿಂದ ಒರೆಸಿಕೊಂಡಳು. ಗುರುಗಳು ಕೇಳಿದರು.

"ಆಸ್ಪತ್ರೆಯ ಆ ಹಳೆಯ ನಕಲು. ಅಳಿಸಬಹುದೇ ಎಂದು ಕೇಳಿದೆ. ಅದು ಈಗ ಎಲ್ಲಿದೆ?"

ಶಿವಲೀಲಾ ತಡವರಿಸಿದಳು. "ಬೆಳಿಗ್ಗೆಯೇ ಅಳಿಸಿದೆ, ಸರ್. ಪೂರ್ತಿ ಹೋಯಿತೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿಯೂ ಬಂದೆ. ನೀವು ಒಳ್ಳೆಯದು ಮಾಡಿದೆ ಎನ್ನುತ್ತೀರಿ ಎಂದುಕೊಂಡಿದ್ದೆ." ಆಮೇಲೆ ಅವಸರದಿಂದ ಹೇಳಿದಳು. "ಆದರೆ ಸರ್, ಆ ಅಕ್ಕ ಮನುಷ್ಯಳು, ಮರೆತಳು. ಇವು ಯಂತ್ರಗಳು. ಯಂತ್ರ ತಾನಾಗಿ ಏನನ್ನೂ ಮರೆಯುವುದಿಲ್ಲವಲ್ಲ?"

ಗುರುಗಳ ದನಿ ಇನ್ನೂ ಇಳಿಯಿತು.

"ಬಿಡು ಎಂದದ್ದನ್ನು ಬಿಡಲು ಆ ಅಕ್ಕನಿಗೆ ವರ್ಷಗಳು ಬೇಕಾದವು, ತಾಯಿ. ನಿನ್ನ ಯಂತ್ರಗಳು ಅವಳಿಗಿಂತ ಚೆನ್ನಾಗಿ ಮಾತು ಕೇಳುತ್ತವೆ."